ಜಗಲಿಯ ಮರಳು, ಸರ್ಕಾರದ ಹಾಜರಿ

ಮೊದಲು ಬಂದ ಹುಡುಗನ ಅಂಗೈ ಮೇಲೆ ಅಯ್ಯವಾರು ‘ಸರಸ್ವತಿ’ ಎಂದು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಅಲ್ಲಿಂದ ಮುಂದೆ ತಲೆಗೊಂದೊಂದು ಹೆಚ್ಚು. ಇಪ್ಪತ್ತನೆಯವನಾಗಿ ಕಣ್ಣುಜ್ಜುತ್ತ ಬಂದವನ ಪಾಡನ್ನು ಲೆಕ್ಕ ಹಾಕಿ ನೋಡಿ, ಹದಿನೆಂಟು ಏಟು. ಮಗ್ಗಿ ಬಾಯಿಗೆ ಬರುವ ಮುನ್ನವೇ ಕೂಡುವ ಲೆಕ್ಕ ಅಂಗೈಗೆ ಬಂದಿರುತ್ತಿತ್ತು.

ಇದನ್ನು ಬರೆದಿಟ್ಟವನು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಗೂ ನಿಮ್ಮ ಸೀಮೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ ಎಂದು ಕೇಳಿದ್ದ. ಹೆಚ್ಚಿನವರು ಅಂಕಿಗಳನ್ನು ತುಂಬಿ ಕಳಿಸಿ ಕೈತೊಳೆದುಕೊಂಡರು. ಕ್ಯಾಂಬೆಲ್ ಮಾತ್ರ 1823ರ ಆಗಸ್ಟ್‌ನಲ್ಲಿ ಕಳಿಸಿದ ಉತ್ತರದಲ್ಲಿ ಶಾಲೆಯ ಒಳಗೆ ಹೋಗಿ ಕೂತವನಂತೆ ಬರೆದ. ಆಗಿನ ಬಳ್ಳಾರಿ ಜಿಲ್ಲೆ ಈಗಿನದಲ್ಲ. ಪೆನುಕೊಂಡ, ಹಿಂದೂಪುರ, ಮಡಕಶಿರಾಗಳೆಲ್ಲ ಅದರೊಳಗಿದ್ದವು. ನಂದಿಯ ಕಡೆಯಿಂದ ಹರಿದು ಬಂದ ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿದರೆ ಅವನ ಜಿಲ್ಲೆಯೇ. ಗಡಿಯ ಈಚೆ ಮೈಸೂರು ಸೀಮೆ, ಆಚೆ ಕಂಪನಿ ಸೀಮೆ. ಆದರೆ ಎರಡೂ ಕಡೆ ಅದೇ ರಾಗಿ, ಅದೇ ಅರ್ಧ ಕನ್ನಡ ಅರ್ಧ ತೆಲುಗಿನ ಮಾತು, ಅದೇ ಜಗಲಿಯ ಶಾಲೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳ ಹಳ್ಳಿಯ ಹುಡುಗರು ವಿಕ್ಟೋರಿಯಾ ರಾಣಿಯ ಕಾಲಕ್ಕೆ ಕಾಲಿಟ್ಟದ್ದು ಇಂಥ ಶಾಲೆಗಳಿಂದಲೇ. ಅದಕ್ಕೆ ಕೂಲಿಮಠ ಎಂದು ಹೆಸರು. ಹೆಸರಿನಲ್ಲೇ ವ್ಯವಸ್ಥೆಯ ಅರ್ಧ ಇದೆ. ಕಲಿಸುವವರಿಗೆ ಕೂಲಿ, ಅದನ್ನು ಕೊಡುವವರು ಊರವರು.

ಕೂಲಿಮಠಕ್ಕೆ ಕಟ್ಟಡ ಎಂಬುದಿರಲಿಲ್ಲ. ಗೌಡರ ಮನೆಯ ಜಗಲಿಯೋ, ದೇವಸ್ಥಾನದ ಪ್ರಾಕಾರವೋ, ಚಾವಡಿಯ ಒಂದು ಮೂಲೆಯೋ ಸಾಕು. ಅಕ್ಷರಾಭ್ಯಾಸ ಅಕ್ಕಿಯ ಮೇಲೆ ಆದರೂ ದಿನದ ಪಾಠ ಮರಳಿನ ಮೇಲೆ. ಹುಡುಗ ನೆಲದಲ್ಲಿ ಮರಳು ಹರವಿಕೊಂಡು ಬೆರಳಿನಿಂದ ತಿದ್ದುತ್ತಿದ್ದ. ತಿದ್ದಿದ್ದನ್ನು ಬಾಯಲ್ಲೂ ಹೇಳಬೇಕು. ದೊಡ್ಡ ಹುಡುಗ ಮುಂದೆ ನಿಂತು ಹೇಳಿಕೊಡುತ್ತಾನೆ, ಚಿಕ್ಕವರು ಹಿಂದಿನಿಂದ ಕೂಗುತ್ತಾರೆ. ಅಯ್ಯವಾರು ಕಂಬಕ್ಕೆ ಒರಗಿ ಒಂದು ಕಣ್ಣು ಮುಚ್ಚಿದ್ದರೂ ಶಾಲೆ ನಡೆಯುತ್ತಿತ್ತು.

ಮರಳು ದಾಟಿದ ಮೇಲೆ ಕಡತ. ಈಗಿನವರಿಗೆ ಆ ವಸ್ತು ಮರೆತೇ ಹೋಗಿದೆ, ಆದ್ದರಿಂದ ಸ್ವಲ್ಪ ಹೇಳಬೇಕು. ಗಟ್ಟಿ ಬಟ್ಟೆಯ ಉದ್ದನೆಯ ಪಟ್ಟಿ. ಅದಕ್ಕೆ ಹುಣಸೆ ಬೀಜ ಬೇಯಿಸಿ ಅರೆದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಮಗ್ಗುಲಿಗೆ ಬಳಿಯಬೇಕು. ಒಣಗಿದ ಮೇಲೆ ಬಟ್ಟೆ ಹಲಗೆಯಂತೆ ಬಿರುಸಾಗುತ್ತದೆ, ಕಪ್ಪಗೆ ಮಿರುಗುತ್ತದೆ. ಅದನ್ನು ಹಿಂದಕ್ಕೆ ಮುಂದಕ್ಕೆ ಮಡಿಸುತ್ತ ಹೋದರೆ ಪುಸ್ತಕ. ಬಳಪದಲ್ಲಿ ಬರೆದರೆ ಬಿಳಿ ಅಕ್ಷರ ಮೂಡುತ್ತದೆ. ಬೇಡವೆಂದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮಸಿ ಮಾಸಿದಾಗ ಮತ್ತೆ ಬಳಿದುಕೊಂಡರಾಯಿತು. ಅಂಗಡಿಯ ಶೆಟ್ಟರ ಲೆಕ್ಕ, ಶಾನುಭೋಗರ ಜಮಾಬಂದಿ, ಹುಡುಗರ ಕಾಗುಣಿತ ಎಲ್ಲಕ್ಕೂ ಅದೇ. ಮನೆಯ ಹಿತ್ತಲಿನ ಹುಣಸೆ ಮರದಿಂದಲೇ ಪುಸ್ತಕ, ಅದರ ಬರಲಿನಿಂದಲೇ ಶಿಕ್ಷೆ.

ಶಿಕ್ಷೆಯ ವಿಷಯ ಮುಚ್ಚಿಡುವುದು ಸರಿಯಲ್ಲ. ಬಸ್ಕಿ ಹೊಡೆಸುವುದು ಲಘು ಶಿಕ್ಷೆ. ದೊಡ್ಡ ತಪ್ಪಿಗೆ ಕೋದಂಡ: ಸೂರಿನ ತೊಲೆಗೆ ಹಗ್ಗ ಕಟ್ಟಿ ಹುಡುಗನ ಎರಡೂ ಕೈಗಳನ್ನು ಮೇಲಕ್ಕೆಳೆದು ತೂಗುಬಿಡುವುದು. ಕ್ಯಾಂಬೆಲ್ ಇವೆರಡನ್ನೂ ಬರೆದಿದ್ದಾನೆ. ಪರಂಗಿಯವನು ಹೊಟ್ಟೆಕಿಚ್ಚಿಗೆ ಬರೆದ ಎನ್ನುವಂತಿಲ್ಲ, ‘ಕೋದಂಡ’ ನಮ್ಮದೇ ಮಾತು.

ಪಾಠವೆಂದರೆ ಮುಖ್ಯವಾಗಿ ಬಾಯಿಪಾಠ. ಓನಾಮ, ಕಾಗುಣಿತ, ಮಗ್ಗಿ. ಮಗ್ಗಿಯೂ ಬರಿಯ ಒಂದೊಂದ್ಲ ಒಂದಲ್ಲ. ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿ. ಪಾವು, ಸೇರು, ಕೊಳಗ, ಖಂಡುಗದ ಲೆಕ್ಕ ಕ್ಷಣದಲ್ಲಿ ಹೇಳಬೇಕು. ಸಂತೆಯಲ್ಲಿ ಕೂತವನಿಗೆ ಅದೇ ಬೇಕಾದದ್ದು. ಅದರ ಮೇಲೆ ಅಮರ, ರಾಮಾಯಣ, ಭಾರತ, ಭಾಗವತ. ಲಿಂಗಾಯತರ ಮಕ್ಕಳಿಗೆ ಚೆನ್ನಬಸವ ಪುರಾಣ. ಸ್ವಲ್ಪ ರಂಜನೆಗೆ ಪಂಚತಂತ್ರ. ಕ್ಯಾಂಬೆಲ್‌ನ ತಕರಾರು ಇಲ್ಲೇ. ಕಾವ್ಯದ ಭಾಷೆ ಬೇರೆ, ಮನೆಯ ಮಾತು ಬೇರೆ. ಹುಡುಗರು ಗಿಳಿಯಂತೆ ಒಪ್ಪಿಸುತ್ತಾರೆ, ಅರ್ಥ ಮೇಷ್ಟರಿಗೂ ಗೊತ್ತಿರುವುದಿಲ್ಲ ಎಂದ. ಆ ಮಾತು ಅರ್ಧ ನಿಜ. ಉಳಿದರ್ಧ ಅವನಿಗೆ ಕಾಣಲಿಲ್ಲ. ಅರ್ಥವಾಗದ ಪದ್ಯವನ್ನು ಏಳನೇ ವಯಸ್ಸಿಗೆ ಕಂಠಸ್ಥ ಮಾಡಿದವನು ನಲವತ್ತರಲ್ಲಿ, ಊರ ಗುಡಿಯ ಮುಂದೆ ಭಾರತ ವಾಚನ ಕೇಳುತ್ತ ಕೂತಾಗ, ತಲೆದೂಗುತ್ತಿದ್ದ.

ಅಯ್ಯವಾರಿಗೆ ಸಿಗುತ್ತಿದ್ದುದು ತಿಂಗಳಿಗೆ ಅಷ್ಟೋ ಇಷ್ಟೋ ದುಡ್ಡು, ಸುಗ್ಗಿಯಲ್ಲಿ ರಾಗಿ, ಮದುವೆ ಮುಂಜಿಯಲ್ಲಿ ತಾಂಬೂಲ. ದೊಡ್ಡ ವರಮಾನ ಮಹಾನವಮಿಗೆ. ಹುಡುಗರನ್ನು ಸಿಂಗರಿಸಿಕೊಂಡು ಮನೆಮನೆಗೆ ಹೊರಟು ಚೌಪದ ಹೇಳಿಸುತ್ತಿದ್ದರು. ತೆಲುಗು ಮನೆಗಳ ಮುಂದೆ ತೆಲುಗಿನಲ್ಲಿ; ಅಯ್ಯವಾರಿಗೆ ವರಹ ಕೊಡಿ, ಹುಡುಗರಿಗೆ ಪಪ್ಪು ಬೆಲ್ಲ ಕೊಟ್ಟರೆ ಸಾಕು ಎಂಬುದು ಅದರ ತಾತ್ಪರ್ಯ. ಜಿಪುಣರ ಮನೆಯ ಮುಂದೆ ಹುಡುಗರ ದನಿ ಇನ್ನಷ್ಟು ಏರುತ್ತಿತ್ತು ಎಂದು ಊಹಿಸಿಕೊಳ್ಳಲು ನನಗೆ ಯಾವ ದಾಖಲೆಯೂ ಬೇಡ. ಕಲಿಕೆ ಹೇಗಿದೆ ಎಂಬುದರ ವಾರ್ಷಿಕ ಪರೀಕ್ಷೆಯೂ ಅದೇ. ಊರೇ ಪರೀಕ್ಷಕ, ಊರೇ ಸಂಬಳ ಕೊಡುವ ಧಣಿ.

ಈ ಜಗಲಿಯ ಮರಳಿಗೆ ಇನ್ನೊಂದು ಕಥೆಯಿದೆ. 1789ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆಯೊಂದನ್ನು ನೋಡಿಕೊಳ್ಳಲು ಬಂದವನು ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ಒಂದು ಬೆಳಗ್ಗೆ ಕುದುರೆ ಏರಿ ಹೋಗುತ್ತಿದ್ದಾಗ ಊರ ಮಕ್ಕಳು ಮರಳಿನಲ್ಲಿ ಬೆರಳಾಡಿಸುತ್ತ ಅಕ್ಷರ ತಿದ್ದುವುದು ಕಣ್ಣಿಗೆ ಬಿತ್ತು. ತನ್ನ ಶಾಲೆಯಲ್ಲಿ ಅದನ್ನೇ ಮಾಡಿಸಿದ. ಜೊತೆಗೆ ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಟ್ಟ ಪುಸ್ತಕ ಅಚ್ಚು ಹಾಕಿಸಿದ. 1811ರಲ್ಲಿ ಅಲ್ಲಿನ ಚರ್ಚಿನವರು ಬಡವರ ಮಕ್ಕಳಿಗೆಂದು ಊರೂರಿಗೆ ಶಾಲೆ ತೆರೆಯಲು ಸಂಘ ಕಟ್ಟಿದಾಗ ಹಿಡಿದದ್ದು ಇದೇ ‘ಮದ್ರಾಸ್ ಪದ್ಧತಿ’ಯನ್ನು. ಹಾಗಾಗಿ ವಿಕ್ಟೋರಿಯಾ ಪಟ್ಟಕ್ಕೆ ಬಂದ 1837ರ ಹೊತ್ತಿಗೆ ಇಂಗ್ಲೆಂಡಿನ ಎಷ್ಟೋ ಹಳ್ಳಿಶಾಲೆಗಳಲ್ಲಿ ನಡೆಯುತ್ತಿದ್ದದ್ದು ಚೂರುಪಾರು ನಮ್ಮ ಜಗಲಿಯ ಪಾಠವೇ. ಕ್ಯಾಂಬೆಲ್ ಕೂಡ ಇದನ್ನು ಒಪ್ಪಿಕೊಂಡು, ಮಿತವ್ಯಯದ ಈ ಕ್ರಮವನ್ನು ಇಂಗ್ಲೆಂಡು ಅನುಕರಿಸಿದ್ದು ನ್ಯಾಯವೇ ಎಂದು ಬರೆದ.

ಹಾಗೆಂದು ಕೂಲಿಮಠ ಎಲ್ಲರದೂ ಆಗಿರಲಿಲ್ಲ. ಕ್ಯಾಂಬೆಲ್‌ನ ಜಿಲ್ಲೆಯಲ್ಲಿ ಒಟ್ಟು 533 ಶಾಲೆಗಳು. ಅದರಲ್ಲಿ ಕನ್ನಡದವು 235, ತೆಲುಗಿನವು 226. ಮಕ್ಕಳು 6,641. ಆ ಜಿಲ್ಲೆಯ ಜನಸಂಖ್ಯೆ ಒಂಬತ್ತು ಲಕ್ಷ ಮೀರಿತ್ತು. ಎಂದರೆ ಸಾವಿರಕ್ಕೆ ಏಳು ಮಂದಿ. ಹೆಣ್ಣುಮಕ್ಕಳು ಇಡೀ ಜಿಲ್ಲೆಗೆ ಅರವತ್ತು. ಹೊಲೆಗೇರಿಯ ಮಕ್ಕಳು ಗೌಡರ ಜಗಲಿ ಹತ್ತುವ ಮಾತೇ ಇರಲಿಲ್ಲ. ಮುಂದೆ 1931ರಲ್ಲಿ ಗಾಂಧೀಜಿ ಲಂಡನ್ನಿನಲ್ಲಿ, ಬ್ರಿಟಿಷರು ಬಂದ ಮೇಲೆ ಭಾರತದಲ್ಲಿ ಅಕ್ಷರಸ್ಥರು ಕಡಿಮೆಯಾದರು, ಸುಂದರವಾದ ಮರದ ಬೇರು ಕೆದಕಿ ಹಾಗೇ ಬಿಟ್ಟರು ಎಂದಾಗ ಶಿಕ್ಷಣತಜ್ಞ ಫಿಲಿಪ್ ಹಾರ್ಟಾಗ್ ಪುರಾವೆ ಕೊಡಿ ಎಂದು ಪಟ್ಟು ಹಿಡಿದ. ಇತಿಹಾಸಕಾರ ಧರಂಪಾಲರು 1983ರಲ್ಲಿ ಮನ್ರೋ ಕಾಲದ ವರದಿಗಳನ್ನೆಲ್ಲ ಪುಸ್ತಕವಾಗಿ ತಂದು ಗಾಂಧೀಜಿಯ ಪಕ್ಷಕ್ಕೆ ಬಲ ಕೊಟ್ಟರು. ಮರ ಇತ್ತು ಎಂಬುದಕ್ಕೆ ಕ್ಯಾಂಬೆಲ್‌ನೇ ಸಾಕ್ಷಿ. ಪರಂಗಿ ಬಟ್ಟೆ ಬಂದು ನೇಕಾರರು ಬಡವಾದರು, ಮಕ್ಕಳ ಕೈಕಾಲಿಗೆ ಶಕ್ತಿ ಬಂದ ಕೂಡಲೇ ದುಡಿಮೆಗೆ ಹಚ್ಚುತ್ತಾರೆ, ಹಿಂದೆ ಶಾಲೆಯಿದ್ದ ಕಡೆ ಈಗ ಇಲ್ಲ ಎಂದು ತನ್ನ ಸರ್ಕಾರಕ್ಕೇ ಚುಚ್ಚುವಂತೆ ಬರೆದವನು ಅವನು. ಆದರೆ ಆ ಮರದ ನೆರಳು ಊರಿನ ಒಂದೇ ಬದಿಗೆ ಬೀಳುತ್ತಿತ್ತು ಎಂಬುದೂ ಅದೇ ಕಾಗದದಲ್ಲಿದೆ.

ಗಡಿಯ ಈಚೆ, ಮೈಸೂರು ಸೀಮೆ 1831ರಿಂದ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಆಳಿದ. ಹಳ್ಳಿಯ ಶಾಲೆ ಅವನಿಗೆ ತಲೆಕೆಡಿಸಿಕೊಳ್ಳುವ ವಿಷಯವಾಗಿರಲಿಲ್ಲ. 1854ರಲ್ಲಿ ಚಾರ್ಲ್ಸ್ ವುಡ್‌ನ ಪ್ರಸಿದ್ಧ ಶಿಕ್ಷಣ ಪತ್ರ ಬಂದ ಮೇಲೆ ಡೆವರೋ ಎಂಬ ಅಧಿಕಾರಿ ಯೋಜನೆ ಮಾಡಿ, 1857ರಲ್ಲಿ ಮೈಸೂರಿನಲ್ಲಿ ಶಿಕ್ಷಣ ಇಲಾಖೆ ಹುಟ್ಟಿತು. ಇಲಾಖೆಯ ಕಣ್ಣೆಲ್ಲ ಪಟ್ಟಣಗಳ ಮೇಲೆ. ಹಳ್ಳಿಯತ್ತ ತಿರುಗಿದ್ದು ಬೌರಿಂಗ್ ಕಮಿಷನರ್ ಆಗಿದ್ದಾಗ, ಒಬ್ಬ ಇನ್ಸ್‌ಪೆಕ್ಟರನಿಂದ.

ಬೆಂಜಮಿನ್ ಲೂಯಿಸ್ ರೈಸ್ ಎಂದರೆ ನಮಗೆ ನೆನಪಾಗುವುದು ಶಾಸನಗಳು. ಆದರೆ ಅವನ ಮೊದಲ ಕಸುಬು ಮೇಷ್ಟರಿಕೆ. ಲಂಡನ್ ಮಿಷನ್ನಿನ ಪಾದ್ರಿಯ ಮಗ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವನು, ಕನ್ನಡ ಕೇಳುತ್ತಲೇ ಬೆಳೆದವನು. 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥ, 1865ರಲ್ಲಿ ಮೈಸೂರು–ಕೊಡಗು ಸೀಮೆಯ ಶಾಲಾ ಇನ್ಸ್‌ಪೆಕ್ಟರ್. ತಪಾಸಣೆಗೆಂದು ಹಳ್ಳಿ ಹಳ್ಳಿ ತಿರುಗಿದ. ಹಾಗೆ ತಿರುಗುವಾಗ ಕಂಡ ಬರಹದ ಕಲ್ಲುಗಳೇ ಅವನನ್ನು ಮುಂದೆ ಶಾಸನಗಳ ಬೆನ್ನು ಹತ್ತಿಸಿದ್ದು. 1868ರಲ್ಲಿ ಅವನು ಸರ್ಕಾರದ ಮುಂದಿಟ್ಟ ಯೋಜನೆಯೇ ಹೋಬಳಿ ಶಾಲೆ.

ಅದರ ತಿರುಳು ಸರಳ. ಪ್ರತಿ ಹೋಬಳಿಗೂ ಒಂದು ಶಾಲೆ. ಕಟ್ಟಡ ಊರವರದು. ಮೇಷ್ಟ್ರು ಆ ಕಡೆಯವರೇ ಆದರೂ ನಾರ್ಮಲ್ ಸ್ಕೂಲಿನಲ್ಲಿ ತರಬೇತಿ ಪಡೆದು ಬರಬೇಕು. ಖರ್ಚಿಗೆ ಕಂದಾಯದ ಮೇಲೆ ಹಾಕುವ ಸ್ಥಳೀಯ ತೆರಿಗೆಯಲ್ಲೊಂದು ಪಾಲು. ಪಾಠ ಕನ್ನಡದಲ್ಲಿ. ಇಂಗ್ಲೆಂಡಿನ ಪಾರ್ಲಿಮೆಂಟು ಊರೂರಿಗೂ ಶಾಲೆ ಇರಲೇಬೇಕೆಂದು ಕಾನೂನು ಮಾಡಿದ್ದು 1870ರಲ್ಲಿ. ಮೈಸೂರಿನ ಹೋಬಳಿ ಶಾಲೆ ಅದಕ್ಕಿಂತ ಎರಡು ವರ್ಷ ಹಿರಿಯದು. ಇದನ್ನು ಹೇಳಿ ಹೆಮ್ಮೆಪಡಬೇಕಾಗಿಲ್ಲ, ಅಲ್ಲಿ ಕಾನೂನು, ಇಲ್ಲಿ ಯೋಜನೆ. ಆದರೆ ‘ಅವರು ಮಾಡಿದ ಮೇಲೆ ನಾವು ಮಾಡಿದೆವು’ ಎಂಬ ರೂಢಿಯ ಮಾತು ಇಲ್ಲಿ ನಿಲ್ಲುವುದಿಲ್ಲ.

ತಿರುವು ಇದೇ. ಆದರೆ ಆ ಹೊತ್ತಿಗೆ ಯಾರಿಗೂ ಅದು ತಿರುವು ಅನ್ನಿಸಿರಲಾರದು. ಜಗಲಿ ಬಿಟ್ಟು ಹೆಂಚಿನ ಕೋಣೆಗೆ ಹೋಗುವುದು, ಮರಳಿನ ಬದಲು ಸ್ಲೇಟು, ಕಡತದ ಬದಲು ಅಚ್ಚಾದ ಪುಸ್ತಕ ಇವೆಲ್ಲ ಕಣ್ಣಿಗೆ ಕಾಣುವ ಬದಲಾವಣೆ. ಕಾಣದ್ದು ಒಂದಿತ್ತು. ಮೇಷ್ಟ್ರ ಸಂಬಳ ಈಗ ಸರ್ಕಾರದಿಂದ. ಆದ್ದರಿಂದ ಉತ್ತರ ಹೇಳಬೇಕಾದದ್ದೂ ಸರ್ಕಾರಕ್ಕೆ. ಮಹಾನವಮಿಯಲ್ಲಿ ಊರ ಮುಂದೆ ಹುಡುಗರನ್ನು ನಿಲ್ಲಿಸುತ್ತಿದ್ದವರು ಇನ್ನು ಇನ್ಸ್‌ಪೆಕ್ಟರ ಮುಂದೆ ನಿಲ್ಲಿಸಬೇಕು. ಹಾಜರಿ ಪುಸ್ತಕ ಬಂತು. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿ ಎಂದು ಬರೆಯುತ್ತಿದ್ದ ಕೈ, ಈಗ ಕಾಲಂನೊಳಗೆ ಗೀಟು ಎಳೆಯತೊಡಗಿತು. ರಾಗಿ ಕೊಯ್ಲಿನ ಸಮಯದಲ್ಲಿ ಹುಡುಗ ಹೊಲಕ್ಕೆ ಹೋದರೆ ಕೂಲಿಮಠದ ಅಯ್ಯವಾರಿಗೆ ಚಿಂತೆಯಿರಲಿಲ್ಲ; ಆ ರಾಗಿಯಲ್ಲೇ ಅವರದೂ ಪಾಲಿತ್ತು. ಹೋಬಳಿ ಮೇಷ್ಟ್ರಿಗೆ ಅದು ‘ಗೈರುಹಾಜರಿ’. ಇದೇ ಕಾಲದಲ್ಲಿ ಇಂಗ್ಲೆಂಡಿನ ಹಳ್ಳಿ ಮೇಷ್ಟ್ರೂ ಸುಗ್ಗಿಗೆ ಹೋದ ಹುಡುಗರ ಹೆಸರು ಬರೆಯುತ್ತ ತಲೆ ಚಚ್ಚಿಕೊಳ್ಳುತ್ತಿದ್ದ. ಅಲ್ಲಿನ 1862ರ ನಿಯಮದ ಪ್ರಕಾರ ಇನ್ಸ್‌ಪೆಕ್ಟರನ ಮುಂದೆ ಹುಡುಗ ಓದಿ, ಬರೆದು, ಲೆಕ್ಕ ಮಾಡಿ ತೋರಿಸಿದರಷ್ಟೇ ಶಾಲೆಗೆ ಪೂರ್ತಿ ಹಣ. ಮದ್ರಾಸಿನಿಂದ ಹೋದ ಮರಳು ಇನ್ಸ್‌ಪೆಕ್ಟರನನ್ನು ಜೊತೆಗೆ ಕಟ್ಟಿಕೊಂಡು ವಾಪಸು ಬಂದಿತ್ತು.

ಹೋಬಳಿ ಶಾಲೆ ಬಂದ ಕೂಡಲೇ ಕೂಲಿಮಠಗಳು ಮುಚ್ಚಿಹೋಗಲಿಲ್ಲ. ಹೋಬಳಿಗೊಂದು ಶಾಲೆ ಎಂದರೆ ಹತ್ತಾರು ಹಳ್ಳಿಗೊಂದು. ಉಳಿದ ಹಳ್ಳಿಗಳಿಗೆ ಅಯ್ಯವಾರೇ ಗತಿ. ಇದೇ ಸೀಮೆಯಲ್ಲಿ ಇನ್ನೊಂದು ತೊಡಕಿತ್ತು, ಭಾಷೆಯದು. ಶಿಡ್ಲಘಟ್ಟ, ಚಿಂತಾಮಣಿಗಳ ಹಳ್ಳಿ ಮನೆಗಳಲ್ಲಿ ಹೆಚ್ಚಾಗಿ ಕೇಳುತ್ತಿದ್ದದ್ದು ತೆಲುಗು. ಚಿಂತಾಮಣಿಯ ಪಕ್ಕದ ಕೈವಾರದ ನಾರೇಯಣಪ್ಪನವರು ತತ್ವಪದಗಳನ್ನು ಎರಡೂ ಭಾಷೆಯಲ್ಲಿ ಹಾಡಿದ್ದು ಸುಮ್ಮನೆ ಅಲ್ಲ. ಕೇಳುವವರು ಎರಡೂ ಕಿವಿಯವರು. ಕೂಲಿಮಠಕ್ಕೆ ಭಾಷೆಯ ನಿಯಮವಿರಲಿಲ್ಲ, ಅಯ್ಯವಾರಿಗೆ ಬಂದದ್ದೇ ಪಾಠ. ಸರ್ಕಾರಿ ಶಾಲೆ ಕನ್ನಡ ಎಂದಿತು. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಎಂಬ ಈ ಸೀಮೆಯ ಎರಡು ನಾಲಗೆ ಅಲ್ಲಿ ಗಟ್ಟಿಯಾಯಿತು. ಇವತ್ತಿಗೂ ಚಿಂತಾಮಣಿಯ ಸಂತೆಯಲ್ಲಿ ಟೊಮೆಟೊ ಚೌಕಾಸಿ ತೆಲುಗಿನಲ್ಲಿ ನಡೆಯುತ್ತದೆ, ಚೀಟಿಯನ್ನು ಕನ್ನಡದಲ್ಲಿ ಬರೆಯುತ್ತಾರೆ.

ಹೋಬಳಿ ಶಾಲೆಗಳಿಗೆ ಎಂಟು ವರ್ಷ ತುಂಬಿತ್ತು, ಮಳೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಬರ, 1876ರಿಂದ 78. ಈ ಕಡೆಯ ಹಿರಿಯರು ‘ಧಾತು ಕರುವು’ ಎಂದೇ ಹೇಳುತ್ತಿದ್ದರು. 1871ರಲ್ಲಿ 50.55 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ಕ್ಕೆ 41.86 ಲಕ್ಷಕ್ಕೆ ಇಳಿಯಿತು. ಬಯಲುಸೀಮೆ ಪೆಟ್ಟು ತಿಂದಷ್ಟು ಮಲೆನಾಡು ತಿನ್ನಲಿಲ್ಲ. ಕೆರೆಗಳನ್ನೇ ನಂಬಿದ ಕೋಲಾರ ಸೀಮೆಗಂತೂ ಕೆರೆ ಬತ್ತಿದ ಮೇಲೆ ಉಳಿದದ್ದೇನು? ತಂದೆ ತಾಯಿ ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದರೆ ಮಗ ಯಾವ ಮಗ್ಗಿ ಹೇಳುತ್ತಾನೆ? ಊರ ರಾಗಿ ನಂಬಿದ್ದ ಅಯ್ಯವಾರಿಗೆ ಊರಿನ ಜೊತೆ ಹಸಿವು. ಸರ್ಕಾರಿ ಸಂಬಳದ ಮೇಷ್ಟ್ರು ಎಂಬ ಹೊಸ ಸ್ಥಾನದ ಬೆಲೆ ಹಳ್ಳಿಗೆ ಮೊದಲ ಸಲ ಗೊತ್ತಾದದ್ದು ಆ ಎರಡು ವರ್ಷಗಳಲ್ಲಿ ಎಂದು ನನ್ನ ಅನಿಸಿಕೆ. ಕೂಲಿ ಹೋಯಿತು, ಮಠ ಉಳಿಯಲಿಲ್ಲ. 1881ರ ಮಾರ್ಚ್‌ನಲ್ಲಿ ರಾಜ್ಯ ಒಡೆಯರ ಕೈಗೆ ಮರಳಿ ಬಂದಾಗ ಶಾಲೆ ಎಂದರೆ ಸರ್ಕಾರದ್ದು ಎಂಬ ಮಾತು ಬೇರು ಬಿಟ್ಟಾಗಿತ್ತು.

ಬರಕ್ಕೆ ಮುಂಚಿನ ಆ ಶಾಲೆಗಳಿಂದ ಹೊರಬಂದ ಒಬ್ಬ ಹುಡುಗನನ್ನು ಎಲ್ಲರೂ ಬಲ್ಲರು. ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯ ಶ್ರೀನಿವಾಸ ಶಾಸ್ತ್ರಿಗಳ ಮಗ, ಮನೆಮಾತು ತೆಲುಗು. ಮೊದಲ ಓದು ಚಿಕ್ಕಬಳ್ಳಾಪುರದಲ್ಲಿ. ಅಲ್ಲಿ ನಾದಮುನಿ ನಾಯ್ಡು ಎಂಬ ಮೇಷ್ಟ್ರು ಹುಡುಗನ ಕೈಹಿಡಿದರು ಎಂದು ಜೀವನಚರಿತ್ರೆಗಳೆಲ್ಲ ನೆನೆಯುತ್ತವೆ. ಬೇಗ ತಂದೆಯನ್ನು ಕಳೆದುಕೊಂಡು ಬೆಂಗಳೂರಿಗೆ ಹೋಗಿ, ಮನೆಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮಾಡಿದರು ವಿಶ್ವೇಶ್ವರಯ್ಯ. 1912ರಲ್ಲಿ ದಿವಾನರಾದರು, ಮರುವರ್ಷವೇ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾಯಿದೆ. ಅವರ ಆರು ವರ್ಷಗಳಲ್ಲಿ ರಾಜ್ಯದ ಶಾಲೆಗಳು 4,500ರಿಂದ 10,500ಕ್ಕೆ ಏರಿದವು ಎಂದು ಲೆಕ್ಕ ಕೊಡುತ್ತಾರೆ. ಕನ್ನಂಬಾಡಿ ಕಟ್ಟೆಯ ಮುಂದೆ ಈ ಅಂಕಿ ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೇನೋ ಅವರ ದೊಡ್ಡ ಕಟ್ಟೆ ಇದೇ ಎನಿಸುತ್ತದೆ. ಪಂಚಮರ ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲು ಕಾಗದದ ಮೇಲೆ ತೆರೆದದ್ದೂ ಆ ದಶಕದಲ್ಲೇ. ಜಗಲಿ ಹತ್ತದಿದ್ದವರು ಹೊಸ್ತಿಲು ದಾಟಲು ಮತ್ತೆಷ್ಟು ವರ್ಷ ಬೇಕಾಯಿತೆಂಬುದು ಬೇರೆಯೇ ಕಥೆ. ಆದರೆ ಊರು ಸಂಬಳ ಕೊಡುವವರೆಗೆ ಆ ಹೊಸ್ತಿಲ ಮಾತು ಏಳುವುದೇ ಸಾಧ್ಯವಿರಲಿಲ್ಲ. ಹಾಜರಿ ಪುಸ್ತಕ ಊರಿನಿಂದ ಶಾಲೆಯನ್ನು ಕಿತ್ತುಕೊಂಡಿತು ಎನ್ನುವವರು ಅದರಲ್ಲಿ ಯಾರ ಯಾರ ಹೆಸರು ಹೊಸದಾಗಿ ಸೇರಿತು ಎಂದೂ ನೋಡಬೇಕು.

ಹೋಬಳಿ ಶಾಲೆ ಮುಗಿಸಿದ ಹುಡುಗನಿಗೆ ಮುಂದಿನ ಮೆಟ್ಟಿಲು ಮಾತ್ರ ಬಹುಕಾಲ ದೂರವೇ ಉಳಿಯಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದುಕೊಂಡೇ ಹೋದರು; ಬಸ್ಸಿಗೆ ದುಡ್ಡಿರಲಿಲ್ಲ. ಮುಂದೆ ಗೌರಿಬಿದನೂರಿಗೂ ಬಾಗೇಪಲ್ಲಿಗೂ ಕಾಲೇಜು ತಂದವರು ಅವರೇ.

ರೈಸ್ ಮುಂದೆ ಶಾಲೆಗಳನ್ನು ಬಿಟ್ಟು ಪೂರ್ತಿ ಕಲ್ಲುಗಳತ್ತ ತಿರುಗಿದ. ಅವನ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ, ಕೋಲಾರ ಜಿಲ್ಲೆಯದು, ಹೊರಬಂದಾಗ ವಿಕ್ಟೋರಿಯಾ ತೀರಿಹೋಗಿದ್ದಳು. ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯವರೆಗಿನ ಈ ನಾಲ್ಕು ತಾಲ್ಲೂಕುಗಳ ಶಾಸನಗಳನ್ನು ಹಳ್ಳಿ ಹಳ್ಳಿಯ ಹೆಸರು ಹಿಡಿದು ಅದರಲ್ಲಿ ಕೊಟ್ಟಿದೆ. ಅವನು ಹುಟ್ಟುಹಾಕಿದ ಹೋಬಳಿ ಶಾಲೆಗಳಿಗೆ ಅಂಥ ಸಂಪುಟ ಯಾರೂ ಮಾಡಲಿಲ್ಲ.

ಕಡತವೂ ಹೋಯಿತು, ಸ್ಲೇಟಿನ ಮುಂದೆ ಹುಣಸೆ ಬೀಜದ ಸರಿ ಯಾರು ಬೇಯಿಸುತ್ತಾರೆ? ಹೆಸರು ಮಾತ್ರ ಜಗಲಿಯಿಂದ ಎದ್ದು ಕಚೇರಿಗೆ ಹೋಗಿ ಕೂತಿತು. ಈಗ ಚಿಕ್ಕಬಳ್ಳಾಪುರವೇ ಜಿಲ್ಲೆ. ಯಾವುದೋ ಹಳ್ಳಿಯ ಶಾಲೆಗೆ ಮೇಷ್ಟ್ರು ಬೇಕೆಂದು ಊರವರು ಅರ್ಜಿ ಹಿಡಿದು ಜಿಲ್ಲಾ ಕೇಂದ್ರಕ್ಕೆ ಬಂದರೆ, ಗುಮಾಸ್ತರು ತಲೆಯೆತ್ತದೆ ಹೇಳುತ್ತಾರೆ: ‘ಕಡತ ಮೇಲೆ ಹೋಗಿದೆ, ಮುಂದಿನ ವಾರ ಬನ್ನಿ.’